ಇಪ್ಪತ್ತು ನಿಮಿಷದ ಅತಿಥಿಗಳು

ಮೊನ್ನೆ ಶನಿವಾರ ರಾತ್ರಿ ಆಫೀಸಿನ ರಿಲೀಸ್ ಇತ್ತು. ಅದು ಮುಗಿಯೋದನ್ನೇ ಕಾಯ್ತಾ ಕೂತವನು, ನಿದ್ದೆ ಬರಬಾರದು ಅಂತ ಹಳೇ ಕಾಮಿಡಿ ಸೀರಿಯಲ್ಲುಗಳನ್ನು ಹಾಕ್ಕೊಂಡೆ. ಆಗ ಒಂದು ವಿಷಯ ಹೊಳೀತು. ವರ್ಷಾನುಗಟ್ಟಲೆ ಓಡಿದ ಸೀರಿಯಲ್ಲಿನಲ್ಲೂ ನಮಗೆ ಥಟ್ಟಂತ ನೆನಪಾಗೋದು ಎಷ್ಟೋ ಸಲ ಒಂದೆರಡು ಎಪಿಸೋಡಿಗೆ ಬಂದು ಹೋದವರು!

‘ಫ್ರೆಂಡ್ಸ್’ನೇ ತಗೊಳ್ಳಿ. ‘ಡೈ ಹಾರ್ಡ್’ನಲ್ಲಿ ಇಡೀ ಕಟ್ಟಡವನ್ನೇ ಒಬ್ಬನೇ ಕಾಪಾಡಿದ ಬ್ರೂಸ್ ವಿಲ್ಲಿಸ್ ಇಲ್ಲಿ ಕನ್ನಡಿ ಮುಂದೆ ನಿಂತು ತನ್ನನ್ನು ತಾನೇ ಹೊಗಳಿಕೊಳ್ಳುತ್ತಾನೆ. ಮಂಚದ ಕೆಳಗೆ ಅಡಗಿರೋ ರಾಸ್ ಎಲ್ಲಾ ನೋಡ್ತಿರ್ತಾನೆ. ಆ ಪಾತ್ರಕ್ಕೆ ವಿಲ್ಲಿಸ್‌ಗೆ 2000ದಲ್ಲಿ ಎಮ್ಮಿ ಪ್ರಶಸ್ತಿ ಬಂತು. 2001ರಲ್ಲಿ ಬ್ರಾಡ್ ಪಿಟ್ ಬಂದ, ರೇಚಲ್ಲನ್ನು ಕಂಡರಾಗದ ಹಳೇ ಸಹಪಾಠಿಯಾಗಿ. ರೇಚಲ್ ಪಾತ್ರ ಮಾಡ್ತಿದ್ದ ಜೆನಿಫರ್ ಅನಿಸ್ಟನ್ ಆಗ ಅವನ ಹೆಂಡತಿ! ಅದೇ ವರ್ಷ ಬಂದ ಗ್ಯಾರಿ ಓಲ್ಡ್‌ಮನ್, ಡೈಲಾಗ್ ಹೇಳುವಾಗಲೆಲ್ಲ ಎದುರಿನವನ ಮುಖಕ್ಕೆ ಉಗುಳು ಹಾರಿಸುವ ದೊಡ್ಡ ನಟ. ಇವರೆಲ್ಲ ತಮ್ಮ ಸ್ಟಾರ್‌ಗಿರಿಯನ್ನ ಚಪ್ಪಲಿ ಥರ ಬಾಗಿಲಾಚೆ ಬಿಟ್ಟು ಒಳಗೆ ಬಂದವರು. ಅದಕ್ಕೇ ನಗು ಬರೋದು.

ಆದ್ರೆ ನನ್ನನ್ನ ಕಾಡಿದ ಅತಿಥಿ ಬೇರೆ. ‘ದ ಬಿಗ್ ಬ್ಯಾಂಗ್ ಥಿಯರಿ’ಯ ಪ್ರೊಫೆಸರ್ ಪ್ರೋಟಾನ್, ಅಂದ್ರೆ ಬಾಬ್ ನ್ಯೂಹಾರ್ಟ್. ಈ ಪ್ರೋಟಾನ್ ಒಂದು ಕಾಲದಲ್ಲಿ ಟೀವಿಯಲ್ಲಿ ಮಕ್ಕಳಿಗೆ ವಿಜ್ಞಾನ ತೋರಿಸ್ತಿದ್ದವನು. ಕಾರ್ಯಕ್ರಮ ನಿಂತು, ವಯಸ್ಸಾಗಿ, ಈಗ ಬರ್ತ್‌ಡೇ ಪಾರ್ಟಿಗಳಲ್ಲಿ ಪ್ರದರ್ಶನ ಕೊಡುವ ಪರಿಸ್ಥಿತಿ. ಲಿಫ್ಟ್ ಕೆಟ್ಟ ಕಟ್ಟಡದ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಬರ್ತಾನೆ. ಬದುಕೆಲ್ಲ ವ್ಯರ್ಥ ಆಯ್ತು ಅನ್ನೋ ಬೇಸರ ಅವನಿಗೆ. ಆಗ ಲೆನರ್ಡ್ ಹೇಳ್ತಾನೆ, ನಿಮ್ಮನ್ನ ನೋಡೇ ನಾವು ವಿಜ್ಞಾನಿಗಳಾದೆವು ಅಂತ.

ಹತ್ತಾರು ವರ್ಷ ಜನರನ್ನ ನಗಿಸಿದ್ದ ನ್ಯೂಹಾರ್ಟ್‌ಗೆ ಎಮ್ಮಿ ಸಿಕ್ಕಿರಲಿಲ್ಲ. 2013ರಲ್ಲಿ ಈ ಪಾತ್ರಕ್ಕೇ ಮೊದಲ ಸಲ ಸಿಕ್ತು, 84ನೇ ವಯಸ್ಸಿನಲ್ಲಿ. ತಡವರಿಸುತ್ತಾ, ನಡುವೆ ನಿಲ್ಲಿಸಿ ಮಾತಾಡೋದೇ ಅವರ ಶೈಲಿ. ಆ ಮೌನಕ್ಕೇ ಜನ ನಗ್ತಿದ್ರು. 2024ರಲ್ಲಿ ತೀರಿಕೊಂಡರು.

ಆ ಎಪಿಸೋಡು ನೋಡಿದಾಗಲೆಲ್ಲ ನನಗೆ ನಮ್ಮೂರ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ನೆನಪಾಗ್ತಾರೆ. ಒಂದಿನ ನಾಲ್ಕು ನಿಂಬೆಹಣ್ಣು ತಂದು, ಪ್ರತಿಯೊಂದಕ್ಕೂ ತಾಮ್ರದ ತಂತಿ ಒಂದು, ಹಳೇ ಸೆಲ್ಲಿನಿಂದ ಕಿತ್ತ ಸತುವಿನ ಚೂರು ಒಂದು ಚುಚ್ಚಿ, ಸಾಲಾಗಿ ಜೋಡಿಸಿದ್ರು. ಕಿಟಕಿ ಬಾಗಿಲು ಎಲ್ಲಾ ಹಾಕಿಸಿದ್ರು. ಕತ್ತಲೆಯಲ್ಲಿ ಸಾಸಿವೆಯಷ್ಟು ಕೆಂಪು ಬೆಳಕು! ನಾನು ಇಂಜಿನಿಯರಿಂಗ್ ಸೇರಿದ್ದು ಆ ಬೆಳಕಿನಿಂದ ಅಂತ ಈಗಲೂ ನಂಬಿದ್ದೀನಿ. ಆದ್ರೆ ಅವರಿಗೆ ಒಂದು ದಿನಾನೂ ಹೇಳಿರಲಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಧೈರ್ಯ ಮಾಡಿ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಲೆನರ್ಡ್ ಥರ ಡೈಲಾಗ್ ರೆಡಿ ಮಾಡ್ಕೊಂಡಿದ್ದೆ. ಮೇಷ್ಟ್ರು ಕನ್ನಡಕ ಸರಿ ಮಾಡ್ಕೊಂಡು, “ನೀನು ಕಿರಾಣಿ ಅಂಗಡಿಯವರ ಮಗ ಅಲ್ವೇನೋ?” ಅಂದ್ರು. ಅವನು ನನ್ನ ಬೆಂಚಿನವನು. ನಾನಲ್ಲ ಸಾರ್ ಅಂದೆ. ನಿಂಬೆಹಣ್ಣಿನ ಕತೆ ಪೂರ್ತಿ ಹೇಳಿದೆ. “ನಾನು ಮಾಡಿದ್ನಾ? ಇರಬಹುದಪ್ಪಾ” ಅಂದು ಸುಮ್ಮನಾದ್ರು. ಥೇಟ್ ನ್ಯೂಹಾರ್ಟ್ ಮೌನ. ಆಮೇಲೆ ಒಳಗೆ ತಿರುಗಿ, “ನಿಂಬೆಹಣ್ಣು ಇದ್ಯೇನೇ?” ಅಂತ ಕೇಳಿದ್ರು. ನನಗೆ ರೋಮಾಂಚನ!

ಬಂದದ್ದು ಒಂದು ಲೋಟ ಪಾನಕ :)

ಮೊದಲು ಪಿಚ್ಚೆನಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಅವರನ್ನ ನನ್ನ ಕತೆಯ ಅತಿಥಿ ಪಾತ್ರ ಅಂದ್ಕೊಂಡಿದ್ದೆ. ಅವರ ಮೂವತ್ತು ವರ್ಷದ ಸೀರಿಯಲ್ಲಿನಲ್ಲಿ ನಾನೇ ಒಂದು ಎಪಿಸೋಡಿನ ಹುಡುಗ. ಅವರಿಗೆ ನೆನಪಿರಬೇಕು ಅಂತೇನೂ ಇಲ್ಲ. ಹೇಳಬೇಕಾದ್ದನ್ನ ಹೇಳಿ ಬಂದೆನಲ್ಲ, ಸಾಕು.

ನಿಮ್ಮ ಕತೆಯಲ್ಲೂ ಇಂಥ ಅತಿಥಿ ಯಾರಾದ್ರೂ ಇದ್ದಾರಾ? ಇದ್ರೆ ತಡ ಮಾಡಬೇಡಿ. ಪಾನಕವಂತೂ ಗ್ಯಾರಂಟಿ!