ಕಲ್ಲಿನ ಮೇಲೆ ಕಾಳಗ, ತಾಮ್ರದ ಮೇಲೆ ಕಾಳಗ

ಹಾವೇರಿ ಜಿಲ್ಲೆಯ ಹಾನಗಲ್ಲಿಗೆ ಹೋದವರು ತಾರಕೇಶ್ವರ ಗುಡಿಯೊಳಗೆ ಕತ್ತೆತ್ತಿ, ಛಾವಣಿಯಲ್ಲಿ ಅರಳಿದ ಕಲ್ಲಿನ ತಾವರೆ ನೋಡುತ್ತಾರೆ. ನೋಡಲೇಬೇಕಾದ ತಾವರೆ ಅದು. ಹೊರಗೆ ಬಂದ ಮೇಲೆ ವೀರಗಲ್ಲುಗಳ ಮುಂದೆಯೂ ಹತ್ತು ನಿಮಿಷ ನಿಲ್ಲಿರಿ. ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮಕ್ಕಳಿಗೆ ವೀರಗಲ್ಲು ಹೊಸದಲ್ಲ. ಹನುಮಪ್ಪನ ಗುಡಿಯ ಪಕ್ಕದಲ್ಲೋ, ಕೆರೆಯ ಏರಿಯ ಮೇಲೋ, ಹೊಲದ ಬದುವಿನಲ್ಲೋ ಕಂಡಿರುತ್ತೀರಿ. ಅದನ್ನು ಓದುವುದು ಹೇಗೆ?

ಪುಸ್ತಕವನ್ನು ಮೇಲಿನಿಂದ ಕೆಳಗೆ ಓದುತ್ತೇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ: ಕತ್ತಿ, ಗುರಾಣಿ, ಬಿಲ್ಲು, ಕುದುರೆ. ನಡುವಿನ ಪಟ್ಟಿಯಲ್ಲಿ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವ ತನಕ ಈ ಹೆಸರೂ ಇರಲಿ ಎಂದು ಅದರ ಅರ್ಥ.

ಹಾನಗಲ್ಲಿನ ಒಂದು ವೀರಗಲ್ಲು 1196ರ ಕಥೆ ಹೇಳುತ್ತದೆ. ಆಗ ಇಲ್ಲಿ ಕದಂಬರ ಕಾಮದೇವ ಆಳುತ್ತಿದ್ದ. ಹೊಯ್ಸಳ ವೀರಬಲ್ಲಾಳ ದಂಡೆತ್ತಿ ಬಂದು ಆನೆಕೆರೆಯ ಬಳಿ ಬೀಡುಬಿಟ್ಟು ಊರಿಗೆ ಮುತ್ತಿಗೆ ಹಾಕಿದ. ದಂಡನಾಯಕ ಸೋಹಣಿ ಮತ್ತು ಅವನ ಮಗ ಪದ್ಮಯ್ಯ ಎದುರು ನಿಂತರು. ಬಲ್ಲಾಳನ ದಂಡು ಆ ಸಲ ಹಿಂದೆ ಸರಿಯಿತು. ಆದರೆ ಸೋಹಣಿ ಮಡಿದ. ಎಂಟುನೂರು ವರ್ಷ ಕಳೆದರೂ ಅವನ ಹೆಸರು ನಮಗೆ ಗೊತ್ತಿರುವುದು ಆ ಕಲ್ಲಿನಿಂದ.

ಹಾನಗಲ್ಲಿಗೆ ಕಡಲಿಲ್ಲ. ಆದರೆ ಕದಂಬರ ಹೆಸರು ಹೊತ್ತ ಇನ್ನೊಂದು ಮನೆತನ ಗೋವೆಯಲ್ಲಿತ್ತು. ಅವರಿಗೆ ಕಡಲೂ ಇತ್ತು, ಹಡಗುಗಳೂ ಇದ್ದವು. ಅವರ ಕಾಲದ ಒಂದು ವೀರಗಲ್ಲು ಹಳೇ ಗೋವೆಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಕುದುರೆಯ ಬದಲು ಹಡಗಿನ ಕಾಳಗ! ಮುಂಬೈಯ ಬೋರಿವಲಿ ಬಳಿಯ ಎಕ್ಸರ್‌ನಲ್ಲೂ ಇಂಥ ವೀರಗಲ್ಲುಗಳಿವೆ. ಮೂತಿ ಚೂಪಾದ ಹಡಗುಗಳು, ಸಾಲುಸಾಲಾಗಿ ಹುಟ್ಟು ಹಾಕುವವರು. ನೀರಿನಲ್ಲಿ ಸತ್ತವನಿಗೂ ನೆಲದ ಮೇಲೊಂದು ಕಲ್ಲು.

ಮುಂದೆ ಯುರೋಪಿನಲ್ಲಿಯೂ ಹಡಗಿನ ಕಾಳಗದ ಚಿತ್ರಗಳನ್ನು ಕೊರೆದರು. ಕೊರೆದದ್ದು ಕಲ್ಲಿನ ಮೇಲಲ್ಲ, ತಾಮ್ರದ ತಗಡಿನ ಮೇಲೆ. ಚೂಪಾದ ಉಕ್ಕಿನ ಉಳಿಯಿಂದ ಕೂದಲೆಳೆಯಂಥ ಗೆರೆಗಳನ್ನು ಕೊರೆಯುತ್ತಿದ್ದರು. ತಗಡಿಗೆ ಮಸಿ ಬಳಿದು ಒರೆಸಿದರೆ ಗೆರೆಯೊಳಗೆ ಮಾತ್ರ ಮಸಿ ಉಳಿಯುತ್ತದೆ. ಅದರ ಮೇಲೆ ಒದ್ದೆ ಕಾಗದ ಇಟ್ಟು, ಎರಡು ಉರುಳೆಗಳ ನಡುವೆ ಒತ್ತಿ ಹಾಯಿಸಿದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ. ರಬ್ಬರಿನ ಮೊಹರಿನಲ್ಲಿ ಅಕ್ಷರ ತಿರುವುಮುರುವಾಗಿರುವುದನ್ನು ನೋಡಿದ್ದೀರಲ್ಲ? ತಗಡಿನ ಮೇಲೂ ಹಾಗೆಯೇ ಎಡವನ್ನು ಬಲ ಮಾಡಿ ಕೊರೆಯಬೇಕು.

ಬ್ರೂಗೆಲ್ ಎಂಬ ಚಿತ್ರಕಾರ ಇಟಲಿ ಸುತ್ತಿ ಬಂದವನು. ಅಲ್ಲಿನ ಮೆಸ್ಸೀನಾ ಜಲಸಂಧಿಯ ಕಾಳಗವನ್ನು ಅವನು ಬರೆದ. ಫ್ರಾನ್ಸ್ ಹುಯ್ಸ್ ಅದನ್ನು ತಾಮ್ರಕ್ಕೆ ಇಳಿಸಿದ. ಆಂಟ್‌ವರ್ಪ್ ನಗರದ ಹಿರೋನಿಮಸ್ ಕಾಕ್ 1561ರಲ್ಲಿ ಅಚ್ಚುಹಾಕಿ ಮಾರಿದ. ತುಂಬ ದೊಡ್ಡ ಚಿತ್ರವಾದ್ದರಿಂದ ಎರಡು ತಗಡು ಬೇಕಾದವು. ಗಾಳಿ ತುಂಬಿದ ಹಾಯಿ, ತೋಪುಗಳ ಹೊಗೆ, ಹಿಂದೆ ಎಟ್ನಾ ಜ್ವಾಲಾಮುಖಿಯ ಹೊಗೆ. ಹಡಗಿನ ಹಗ್ಗಗಳನ್ನೂ ಎಣಿಸಬಹುದು! ಮನುಷ್ಯರು ಮಾತ್ರ ಇರುವೆಯಷ್ಟು.

ಹತ್ತು ವರ್ಷದ ನಂತರ, 1571ರ ಅಕ್ಟೋಬರ್ 7ರಂದು, ಗ್ರೀಸ್ ಬಳಿಯ ಲೆಪಾಂಟೊದಲ್ಲಿ ನಾನೂರಕ್ಕೂ ಹೆಚ್ಚು ಹಡಗುಗಳು ಒಂದೇ ದಿನ ಕಾದಾಡಿದವು. ಸುದ್ದಿ ತಲುಪಿದ್ದೇ ತಡ, ವೆನಿಸ್, ರೋಮ್ ನಗರಗಳಲ್ಲಿ ಕಾಳಗದ ಅಚ್ಚುಚಿತ್ರಗಳು ಮಾರಾಟಕ್ಕೆ ಬಂದವು. ಪತ್ರಿಕೆ ಇಲ್ಲದ ಕಾಲದಲ್ಲಿ ಅವೇ ಪತ್ರಿಕೆ. ಗೆದ್ದ ದಳಪತಿಗಳ ಹೆಸರು ಮನೆಮನೆಗೆ ಹೋಯಿತು. ಹುಟ್ಟು ಹಾಕುತ್ತ ಸಾವಿರಾರು ಜನ ಸತ್ತರಲ್ಲ, ಅವರಲ್ಲಿ ಅನೇಕರು ಸಂಕೋಲೆಯಲ್ಲಿದ್ದ ಸೆರೆಯಾಳುಗಳು. ಚಿತ್ರದಲ್ಲಿ ಅವರಿಗೆ ಹೆಸರಿಲ್ಲ, ಮುಖವಿಲ್ಲ. ಹುಟ್ಟುಗಳ ಸಾಲು ಮಾತ್ರ ಇದೆ.

ವ್ಯತ್ಯಾಸ ಇಲ್ಲಿದೆ ನೋಡಿ. ತಾಮ್ರದ ಚಿತ್ರ ನೂರಾರು ಪ್ರತಿಯಾಗಿ ಊರೂರು ತಿರುಗಿತು, ಯುದ್ಧ ಎಷ್ಟು ದೊಡ್ಡದು ಎಂದು ಹೇಳಿತು. ವೀರಗಲ್ಲು ಒಂದೇ ಪ್ರತಿ, ನೆಟ್ಟ ಜಾಗ ಬಿಟ್ಟು ಕದಲಲಿಲ್ಲ. ಅದು ಯುದ್ಧವನ್ನು ಚಿಕ್ಕದು ಮಾಡಿ ಸತ್ತವನನ್ನು ದೊಡ್ಡವನನ್ನಾಗಿ ತೋರಿಸಿತು. ಅವನು ರಾಜನೇ ಆಗಬೇಕಿರಲಿಲ್ಲ. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು.

ಕಲ್ಲಿನಿಂದಲೂ ಅಚ್ಚು ತೆಗೆಯಬಹುದು. ಶಾಸನ ಓದುವವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಗುಂಡಿಗಳಿಗೆ ಕೂರಿಸುತ್ತಾರೆ. ಆಮೇಲೆ ಮಸಿ ಮೆತ್ತುತ್ತಾರೆ. ತಾಮ್ರದ ಚಿತ್ರದಲ್ಲಿ ಕೊರೆದ ಗೆರೆ ಕಪ್ಪಾಗಿ ಬಂದರೆ, ಇಲ್ಲಿ ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದಕ್ಕೆ ಪಡಿಯಚ್ಚು ಎಂದು ಹೆಸರು.

ಆದರೆ ಪಡಿಯಚ್ಚು ತೆಗೆಯಲು ಅಕ್ಷರ ಉಳಿದಿರಬೇಕು. ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಮೋರಿಗೆ ಹಾಸುಗಲ್ಲಾಗಿವೆ. ಎಷ್ಟಕ್ಕೋ ಭಕ್ತಿಯಿಂದಲೇ ಎಣ್ಣೆಬಣ್ಣ ಬಳಿದು ಅಕ್ಷರ ಮುಚ್ಚಿದ್ದಾರೆ. ತಾಮ್ರದ ಚಿತ್ರದ ಒಂದು ಪ್ರತಿ ಹರಿದರೆ ಇನ್ನೊಂದು ಊರಿನಲ್ಲಿ ಮತ್ತೊಂದು ಸಿಕ್ಕೀತು. ಕಲ್ಲು ಸವೆದರೆ ಆ ಮನುಷ್ಯ ಎರಡನೇ ಸಲ ಸತ್ತಂತೆ.

ಮಕ್ಕಳೇ, ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮೂರಿನ ವೀರಗಲ್ಲಿನ ಬಳಿ ಹೋಗಿರಿ. ನೀರಿನಿಂದ ಮೆಲ್ಲಗೆ ಮಣ್ಣು ತೊಳೆಯಿರಿ, ಚೂಪಾದದ್ದೇನೂ ತಾಗಿಸಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಗೆರೆಗಳು ಚೆನ್ನಾಗಿ ಕಾಣುತ್ತವೆ. ಒಂದು ಫೋಟೊ ತೆಗೆದು ಶಾಲೆಯ ಗುರುಗಳಿಗೆ ತೋರಿಸಿರಿ. ಓದುವುದು ಮಾತ್ರ ಕೆಳಗಿನಿಂದ ಮೇಲಕ್ಕೆ, ಮರೆಯಬೇಡಿ.