ಬರಕೋ

ನಮ್ಮ ಬನಹಟ್ಟಿಯ ಓಣಿಯೊಳಗೆ ಮಾತಾಡುವವರು ದನಿ ಎತ್ತಿಯೇ ಮಾತಾಡುತ್ತಾರೆ. ಬೆಳಕು ಹರಿಯುವ ಮೊದಲೇ ಪವರ್‌ಲೂಮಿನ ಖಟಖಟ ಸುರುವಾಗಿರುತ್ತದೆ. ಜಗಳವಲ್ಲದ ಮಾತೂ ಹೊರಗಿನವರ ಕಿವಿಗೆ ಜಗಳದ ಹಾಗೆ ಕೇಳೀತು. ಕರೆಂಟು ಹೋದರೆ ಮಾತ್ರ ಊರು ಒಮ್ಮೆಲೇ ತಣ್ಣಗಾಗಿ, ಯಾರ ಮನೆಯ ಕೂಸು ಅಳುತ್ತಿದೆ, ಯಾರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾರೆ ಎಂಬುದೆಲ್ಲ ಕೇಳತೊಡಗುತ್ತದೆ. ಹಾಗೆ ಕರೆಂಟು ಹೋದ ಒಂದು ಮಧ್ಯಾಹ್ನ ಚಿಗವ್ವ ಸೆರಗಿನ ಹತ್ತಿ ಧೂಳು ಕೊಡವಿಕೊಳ್ಳುತ್ತ ಕೇಳಿದಳು: “ತಮ್ಮಾ, ಮೊಬೈಲಿನ ಆಪ್ ಮಾಡ್ತೀನಿ ಅಂತೀಯಲ್ಲ, ಅದನ್ನ ಹೆಂಗ ಮಾಡ್ತಾರ?”

ನಾನು ಮಗ್ಗದ ನೆತ್ತಿಯ ಕಡೆ ಕೈ ಮಾಡಿದೆ. ಜಕಾರ್ಡಿನ ರಟ್ಟುಗಳು ಒಂದಕ್ಕೊಂದು ಹೊಲಿದುಕೊಂಡು ತೂಗುತ್ತಿದ್ದವು. “ತೂತು ಇದ್ದಲ್ಲಿ ಎಳಿ ಮ್ಯಾಲೆ ಏಳತೈತಿ, ಇಲ್ಲದಲ್ಲಿ ಕೆಳಗ ಉಳೀತೈತಿ. ನಾ ಮಾಡೂದೂ ಅದೇ ಚಿಗವ್ವಾ, ರಟ್ಟಿಗೆ ತೂತು ಹೊಡಿಯೂದು.”

“ಒಂದು ತೂತು ತಪ್ಪಿದ್ರ?”

“ಅಂಚಿನ ಹೂವು ಕೆಡತೈತಿ.”

“ಹಂಗಾರ ತಿಳೀತು ಬಿಡು,” ಎಂದಳು. ಅವಳಿಗೆ ನಿಜವಾಗಿಯೂ ತಿಳಿದಿತ್ತು. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ಈ ರಟ್ಟಿನ ಮಗ್ಗವನ್ನು ಹದಕ್ಕೆ ತಂದ. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಲೆಕ್ಕ ಮಾಡುವ ಯಂತ್ರವೊಂದನ್ನು ಕಲ್ಪಿಸಿದಾಗ, ಅದಕ್ಕೆ ಆಜ್ಞೆ ಕೊಡಲು ನೇಕಾರರ ಇದೇ ರಟ್ಟುಗಳನ್ನು ಎರವಲು ತಂದ. ಕಂಪ್ಯೂಟರಿನ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಮಗ್ಗದ ಮನೆಯ ಹೊಸ್ತಿಲು ಸಿಗುತ್ತದೆ. ರಬಕವಿ-ಬನಹಟ್ಟಿಯ ಹುಡುಗ ಹುಡುಗಿಯರು ಆಪ್ ಬರೆಯಲು ಕೂತರೆ ಅದು ಪರರ ವಿದ್ಯೆಯಲ್ಲ ಎಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ.

ಚಿಗವ್ವನಿಗಾಗಿ ಮಾಡುತ್ತಿದ್ದ ಆಪ್ ಸಣ್ಣದು, ಬಟವಾಡೆಯ ಲೆಕ್ಕದ್ದು. ವಾರಕ್ಕೆ ಎಷ್ಟು ಸೀರೆ ಇಳಿಸಿದೆ, ಮಜೂರಿ ಎಷ್ಟು, ತಗೊಂಡ ಮುಂಗಡದಲ್ಲಿ ಎಷ್ಟು ಮುರಿಯಿತು, ಇಷ್ಟೇ. ಈ ಲೆಕ್ಕ ಒಂದು ಎಣ್ಣೆ ಹತ್ತಿದ ವಹಿಯಲ್ಲಿತ್ತು. ಮೊದಲ ಆಪನ್ನು ಬೆಂಗಳೂರಿನ ಕೋಣೆಯಲ್ಲಿ ಕೂತು ಬರೆದಿದ್ದೆ. ಲೆಕ್ಕ ಸೇರಿತು ಎಂದು ತಿಳಿಸಲು ಚೆಂದದ ಗಂಟೆಯ ಸದ್ದು ಇಟ್ಟಿದ್ದೆ. ಹತ್ತು ಮಗ್ಗ ಓಡುವ ಶೆಡ್ಡಿನಲ್ಲಿ ಗಂಟೆ ಯಾರಿಗೆ ಕೇಳಬೇಕು? ಸದ್ದು ತೆಗೆದು ಫೋನು ಕೈಯಲ್ಲೇ ನಡುಗುವಂತೆ ಮಾಡಿದೆ. ಕನ್ನಡದ ಮೇಲಿನ ಪ್ರೀತಿಯಿಂದ ೧, ೨, ೩ ಎಂದು ಅಂಕಿ ಹಾಕಿದ್ದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ಕರೆಂಟು ಬಿಲ್ಲಿನಲ್ಲಿ 1, 2, 3 ನೋಡಿ ರೂಢಿಯಾದ ಕಣ್ಣು ಅವಳದು, ಅದನ್ನೇ ಕೇಳಿದಳು. ಕೊಟ್ಟೆ. ಎಣ್ಣೆ, ನೂಲಿನ ನವಿರು ಹತ್ತಿದ ಬೆರಳಿಗೆ ಸಣ್ಣ ಗುಂಡಿ ದಕ್ಕುವುದಿಲ್ಲವೆಂದು ಗುಂಡಿಯನ್ನು ರೊಟ್ಟಿಯಷ್ಟು ಅಗಲ ಮಾಡಿದೆ. ಶೆಡ್ಡಿನ ತಗಡಿನ ಕೆಳಗೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಲೆಕ್ಕವೆಲ್ಲ ಮೊದಲು ಫೋನಿನ ಹೊಟ್ಟೆಯಲ್ಲೇ ಕೂತು, ಸಿಗ್ನಲ್ ಸಿಕ್ಕಾಗ ಮೇಲಕ್ಕೆ ಹೋಗುವ ವ್ಯವಸ್ಥೆ ಮಾಡಿದೆ.

ಊರಿನ ಹೆಸರು ಬರೆಯುವಲ್ಲಿ ಇನ್ನೊಂದು ಪಾಠವಾಯಿತು. ನಮ್ಮ ಕಣ್ಣಿಗೆ ‘ಬನಹಟ್ಟಿ’ ನಾಲ್ಕು ಅಕ್ಷರ. ಯೂನಿಕೋಡ್ ಅದನ್ನು ಏಳಾಗಿ ಎಣಿಸುತ್ತದೆ: ಬ, ನ, ಹ, ಟ, ಒಂದು ಹಲಂತ, ಮತ್ತೊಂದು ಟ, ಕಡೆಗೆ ಗುಡಿಸು. ಜಾಗ ಸಾಲದೆಂದು ಐದಕ್ಕೆ ಕತ್ತರಿಸಿದರೆ ‘ಬನಹಟ್’ ಎಂದು ಉಸಿರು ಕಟ್ಟಿ ನಿಲ್ಲುತ್ತದೆ. ಸಾಲಿನ ಎತ್ತರ ಇಂಗ್ಲಿಷಿನ ಅಳತೆಗೆ ಇಟ್ಟರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. 2012ರಲ್ಲಿ ಆಂಡ್ರಾಯ್ಡ್ 4.1 ಬರುವ ತನಕ ಬಹಳಷ್ಟು ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕದ ಡಬ್ಬಿಗಳು ಕಾಣುತ್ತಿದ್ದುದು ನನಗಿನ್ನೂ ನೆನಪಿದೆ. ಇಲ್ಲಿಂದ ಹತ್ತಿರದಲ್ಲೇ ಮುಧೋಳ. ಹತ್ತನೆಯ ಶತಮಾನದಲ್ಲಿ ಅಲ್ಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಒತ್ತಕ್ಷರಗಳನ್ನು ಗುಡುಗಿನ ಹಾಗೆ ಉರುಳಿಸಿದವನು. ಅವನ ಸೀಮೆಯಲ್ಲಿ ಕೂತು ಒತ್ತಕ್ಷರದ ಕಾಲು ಮುರಿಯುವ ಆಪ್ ಮಾಡಬಾರದು.

ಬೀಳಗಿಯ ಕಡೆಯ ಗೆಳೆಯನೊಬ್ಬ ಬೇರೊಂದು ಸೂಕ್ಷ್ಮ ತೋರಿಸಿಕೊಟ್ಟ. ಆಲಮಟ್ಟಿಯ ಹಿನ್ನೀರಿಗೆ ಅಲ್ಲಿನ ಎಷ್ಟೋ ಊರುಗಳು ಹೋದವು, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು, ಹೆಸರನ್ನು ಮಾತ್ರ ಜೊತೆಗೆ ತಂದರು. ಊರಿನ ಪಟ್ಟಿಯಲ್ಲಿ ಆ ಹೆಸರು ಒಂದೇ ಸಲ ಇಟ್ಟರೆ ಮನೆ ಒಂದು ಕಡೆ, ಉಳಿದ ಹೊಲ ಇನ್ನೊಂದು ಕಡೆ ಇದ್ದವನು ಏನನ್ನು ಆರಿಸಬೇಕು? “ಹಳೀ ಊರು, ಹೊಸ ಊರು ಎರಡೂ ಹಾಕು,” ಎಂದ. ಹೇಳುವಾಗ ಅವನ ಕಣ್ಣು ನೀರಿನ ಕಡೆಗಿತ್ತು.

ಹೊಲದ ಮಾತು ಬಂತು. 2020ರ ಮುಂಗಾರಿನಲ್ಲಿ ರಾಜ್ಯ ಸರಕಾರ ರೈತರೇ ತಮ್ಮ ಬೆಳೆಯ ಸಮೀಕ್ಷೆ ಮಾಡಿಕೊಳ್ಳುವ ಆಪ್ ತಂದಿತು. ಸರ್ವೆ ನಂಬರ್ ಆರಿಸಿ, ಹೊಲದಲ್ಲಿ ನಿಂತು ಬೆಳೆಯ ಹೆಸರು ತುಂಬಿ, ಫೋಟೊ ತೆಗೆದು ಕಳಿಸಬೇಕು. ಹೊಲದಲ್ಲಿ ಕಬ್ಬು ನಿಂತಿದ್ದರೂ ಉತಾರದಲ್ಲಿ ಬೇರೆಯೇ ಬೆಳೆ ಕೂತಿರುತ್ತದೆ ಎಂಬ ಹಳೆಯ ಗೋಳಿಗೆ ಇದು ಮದ್ದು. ಬೆಳೆ ವಿಮೆ, ನೆರೆ ಪರಿಹಾರ ಎಲ್ಲಕ್ಕೂ ಆ ದಾಖಲೆ ಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಕಬ್ಬನ್ನು ಮುಳುಗಿಸಿದ್ದನ್ನು ಕಂಡ ಜಮಖಂಡಿ, ಮುಧೋಳದ ರೈತರಿಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸೋದರಮಾವನ ಹೊಲಕ್ಕೆ ಫೋನು ಹಿಡಿದು ನಾನೂ ಹೋದೆ. ಆಳಿಗಿಂತ ಎತ್ತರದ ಕಬ್ಬಿನ ನಡುವೆ, ತೊಯ್ದ ಗರಿಗಳ ಕೆಳಗೆ ನಿಂತರೆ ಫೋನಿಗೆ ಆಕಾಶ ಕಾಣುವುದಿಲ್ಲ. ತಾನೆಲ್ಲಿದ್ದೇನೆಂದು ಗುರುತಿಸಲು ಅದಕ್ಕೆ ನಾಲ್ಕು ಉಪಗ್ರಹವಾದರೂ ಸಿಗಬೇಕು. ನಕ್ಷೆಯ ಮೇಲಿನ ಚುಕ್ಕೆ ಪಕ್ಕದ ಹೊಲಕ್ಕೆ ಹೋಗುವುದು, ಬರುವುದು, ನಿಲ್ಲದು. ಮಾವ ನನ್ನ ಕೈ ಹಿಡಿದು ಒಡ್ಡಿನ ಮೇಲಕ್ಕೆ ಎಳೆದ. ಅಲ್ಲಿ ಚುಕ್ಕೆ ನಿಂತಿತು. ಕಬ್ಬಿನ ಗರಿ ಕೊಯ್ದ ಗೀರು ನನ್ನ ಮುಂಗೈ ಮೇಲೆ ನಾಲ್ಕು ದಿನ ಇತ್ತು. ಗರಿಯ ಮೊನೆಯನ್ನು ಕೈಯಿಂದ ತಿಳಿಯದವನು ಹೊಲದ ಆಪಿನಲ್ಲಿ ಹತ್ತು ಪ್ರಶ್ನೆ ಕೇಳುತ್ತಾನೆ, ತಿಳಿದವನು ಮೂರಕ್ಕೆ ಮುಗಿಸುತ್ತಾನೆ.

ಇದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜ್ ಇದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿ ನಿಲ್ಲಿಸಿದ್ದು. ಬ್ಯಾರೇಜ್ ಸಿದ್ದು ಎಂದೇ ಜನ ಅವರನ್ನು ಕರೆದರು. ಬೇಸಗೆಯಲ್ಲಿ ನೀರು ಎಲ್ಲಿ ನಿಲ್ಲಬೇಕೆಂಬುದು ಹೊಳೆಯ ದಂಡೆಯವರಿಗೆ ಗೊತ್ತಿತ್ತು, ಆಪಿನಲ್ಲಿ ಏನಿರಬೇಕೆಂಬುದೂ ಹಾಗೆಯೇ ಅದನ್ನು ಬಳಸುವವರಿಗೆ ಗೊತ್ತು. ಆಪ್ ಕಲಿಯುವ ನಮ್ಮ ಕಡೆಯ ಹುಡುಗರು ಕೇಳಿದಾಗ ನಾನು ಈ ಬ್ಯಾರೇಜಿನಿಂದಲೇ ಮಾತು ಸುರು ಮಾಡುತ್ತೇನೆ. ಆಪ್ ಬರೆಯುವ ಕೋಟ್ಲಿನ್, ಫ್ಲಟರ್ ಎಲ್ಲ ಆಮೇಲೆ, ಅವನ್ನು ಆರು ತಿಂಗಳಲ್ಲಿ ಕಲಿಯಬಹುದು. ಪ್ಲೇ ಸ್ಟೋರಿನಲ್ಲಿ ಆಪ್ ಇಡಲು ಒಮ್ಮೆ ಕಟ್ಟುವ 25 ಡಾಲರನ್ನೂ ಹೇಗೋ ಹೊಂದಿಸಬಹುದು.

ಚಿಗವ್ವನ ಆಪಿನಲ್ಲಿ ಕಡೆಗೆ ಒಂದು ಗುಂಡಿಯ ಹೆಸರು ಉಳಿದಿತ್ತು. ನಾನು ‘ಸಲ್ಲಿಸಿ’ ಎಂದು ಹಾಕಿದ್ದೆ. ಅವಳು ಅದನ್ನು ಎರಡು ಸಲ ಓದಿದಳು.

“ಇದು ಅರ್ಜಿ ಕೊಡೂ ಮಾತಲ್ಲೇನೋ? ನಾ ಯಾರಿಗಿ ಸಲ್ಲಸ್ಲಿ? ನನ್ನ ಲೆಕ್ಕ ಐತಿ ಇದು.”

“ಮತ್ತ ಏನಂತ ಹಾಕ್ಲಿ?”

“ಸೀರಿ ಕೊಟ್ಟಾಗ ವಹಿ ಮುಂದ ಕುಂತಾವಗ ಏನಂತೀವಿ? ಬರಕೋ ಅಂತೀವಿ.”

ಅಲ್ಲೇ ಕೂತು ಅಳಿಸಿ ‘ಬರಕೋ’ ಎಂದು ಬರೆದೆ. ಅಷ್ಟರಲ್ಲಿ ಕರೆಂಟು ಬಂತು, ಓಣಿಯ ಮಗ್ಗಗಳೆಲ್ಲ ಒಂದರ ಹಿಂದೊಂದು ಎದ್ದವು. ಅವಳು ಏನೋ ಹೇಳಿದಳು, ಕೇಳಿಸಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ನಾಲ್ಕು ಎಂದು ಒತ್ತಿ, ಆ ಅಗಲ ಗುಂಡಿಯನ್ನು ಮುಟ್ಟಿದಳು. ಫೋನು ಅವಳ ಅಂಗೈಯಲ್ಲಿ ನಡುಗಿತು.