ಕಣ್ಣಿನ ಕುಂಚ ಮತ್ತು ಕಪ್ಪತಗುಡ್ಡದ ಮುಂಗುಸಿ

ಮುಂಡರಗಿ, ಮಾಘ ಮಾಸ

ಪ್ರೀತಿಯ ಅಕ್ಕಾ,

ಮಗಳು ಮೇಕಪ್ ಕಲಿಯಲು ಸೇರಿದ್ದಾಳೆ, ಕಣ್ಣಿಗೆ ಯಾವ ಕುಂಚ ಕೊಡಿಸಲಿ ಎಂದು ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮುಗಿಸಿ ಈಗ ಮದುಮಗಳಿಗೆ ಬಣ್ಣ ಹಚ್ಚಲು ಮುಂಡರಗಿಯ ಮದುವೆಮನೆಗೆ ಬಂದು ಕೂತಿದ್ದೇನೆ. ನಾಳೆಯವರೆಗೆ ಕೈ ಖಾಲಿ, ಅದಕ್ಕೇ ಬರೆಯುತ್ತಿದ್ದೇನೆ.

ಬಿದಿರಿನ ಹಿಡಿ, ನೈಲಾನ್ ಎಳೆಯ ಕುಂಚ ಕೊಡಿಸು. ಕೆಲವು ನೂರು ರೂಪಾಯಿಗೆ ಸಿಗುತ್ತವೆ. ನನ್ನ ಚೀಲದಲ್ಲಿರುವವೂ ಅಂಥವೇ. ಎಷ್ಟೋ ವರ್ಷದಿಂದ ಅವೇ ದುಡಿಯುತ್ತಿವೆ, ಇನ್ನೂ ತುದಿ ಕೆದರಿಲ್ಲ.

ಬೆಟಗೇರಿಯಲ್ಲಿ ನೇಕಾರರ ಮನೆಯ ಮದುವೆ, ನಸುಕಿನ ಮುಹೂರ್ತ. ಪಡಸಾಲೆಯಲ್ಲಿ ಒಂದೇ ಬಲ್ಬು. ಕಣ್ಣಿನ ಹತ್ತಿರ ಏನು ಬಂದರೂ ಮದುಮಗಳು ರೆಪ್ಪೆ ಪಟಪಟ ಬಡಿಯುತ್ತಿದ್ದಳು. ಓರೆ ತುದಿಯ ಕುಂಚಕ್ಕೆ ಜೆಲ್ ಕಾಡಿಗೆ ಹಚ್ಚಿಕೊಂಡು, ನನ್ನ ಕೈಯ ಹಿಂಬದಿಗೆ ಒಮ್ಮೆ ಒರೆಸಿ, ಅವಳ ರೆಪ್ಪೆಗೂದಲ ಬುಡಕ್ಕೆ ಒತ್ತಿ ಒತ್ತಿ ಇಡುತ್ತ ಹೋದೆ. ಎಳೆಯಬಾರದು ಅಕ್ಕಾ, ಒತ್ತಬೇಕು. ನೈಲಾನ್ ಎಳೆ ಜೆಲ್ಲನ್ನು ಕುಡಿಯುವುದಿಲ್ಲ, ತುದಿಯಲ್ಲೇ ಹಿಡಿದು ಚರ್ಮಕ್ಕೆ ಕೊಡುತ್ತದೆ. ಪುಡಿಬಣ್ಣದ ಮಾತು ಬೇರೆ. ಪ್ರಾಣಿಯ ಕೂದಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ, ಪುಡಿ ಅವಕ್ಕೆ ಸಿಕ್ಕಿಕೊಳ್ಳುತ್ತದೆ. ನೈಲಾನಿಗೆ ಆ ಗುಣ ಕಡಿಮೆ, ಐಶ್ಯಾಡೊ ಇನ್ನೊಂದು ಸಲ ಹಚ್ಚಬೇಕು. ಮಗಳಿಗೆ ಇದನ್ನು ಮೊದಲೇ ಹೇಳು, ಬೇಸರ ಮಾಡಿಕೊಳ್ಳದಿರಲಿ. ಆದರೆ ಮದುಮಗಳ ನಂತರ ಅವಳ ತಂಗಿಗೆ, ಅತ್ತಿಗೆಗೆ ಹಚ್ಚುವಾಗ ಕುಂಚ ತೊಳೆಯಲೇಬೇಕು. ಒಬ್ಬರಿಗೆ ಕಣ್ಣು ಬಂದಿದ್ದರೆ ಮನೆಮಂದಿಗೆಲ್ಲ ಅಂಟೀತು. ಬೇಗ ಒಣಗುವುದು ನೈಲಾನೇ.

ಗದಗಿನಿಂದ ಲಕ್ಷ್ಮೇಶ್ವರಕ್ಕೆ ಬರುವಾಗ ಮಾಗಡಿ ಕೆರೆಯ ಹತ್ತಿರ ಬಸ್ಸು ಇಳಿದುಬಿಟ್ಟೆ. ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇನ್ನೂ ಇದ್ದವು. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗುನೆಲೆಗಳ ರಾಮ್‌ಸರ್ ಪಟ್ಟಿಗೆ ಸೇರಿತು. ನೀನು ಬಂದಾಗ ಮೊದಲು ಅಲ್ಲಿಗೇ ಕರೆದೊಯ್ಯುತ್ತೇನೆ.

ಬಣ್ಣ ಹಚ್ಚುವವರಿಗೆ ಈ ಸೀಮೆ ತವರು. ಶಾಂತಕವಿಗಳು ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಮೇಲೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ, ಲಕ್ಷ್ಮೇಶ್ವರದ ಬಚ್ಚಾಸಾನಿಯವರ ಹೆಂಗಸರ ಕಂಪನಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟ್ಯ ಸಂಘವಂತೂ ಅಂಧ ಮಕ್ಕಳ ಅನ್ನಕ್ಕೂ ಸಂಗೀತಪಾಠಕ್ಕೂ ಊರೂರು ತಿರುಗಿ ನಾಟಕ ಆಡಿತು. ಗ್ಯಾಸ್‌ಲೈಟಿನ ಬೆಳಕಲ್ಲಿ, ಹಿಂದಿನ ಸಾಲಿನವನಿಗೂ ಕಣ್ಣು ಕಾಣುವಂತೆ ಬರೆಯುತ್ತಿದ್ದ ಆ ಕೈಗಳನ್ನು ನೆನೆದರೆ ನನಗೆ ಈಗಲೂ ಭಕ್ತಿ ಬರುತ್ತದೆ.

ಶಿರಹಟ್ಟಿಯಲ್ಲಿ ಅಂಥ ಒಬ್ಬ ಹಿರಿಯರು ಸಿಕ್ಕರು. ಕಂಪನಿಗಳಲ್ಲಿ ಪರದೆ ಬರೆದವರು, ಬಣ್ಣವನ್ನೂ ಹಚ್ಚಿದವರು. ತಗಡಿನ ಪೆಟ್ಟಿಗೆ ತೆರೆದು, ಹುಬ್ಬು ತೀಡಲು ಇಟ್ಟುಕೊಂಡಿದ್ದ ಒಂದು ಸಣ್ಣ ಕುಂಚ ಕೈಗೆ ಕೊಟ್ಟರು. ಬೆಳಕಿಗೆ ಹಿಡಿದು ನೋಡಿದೆ. ಒಂದೊಂದು ಕೂದಲೂ ತುದಿಗೆ ಕಪ್ಪು, ನಡುವೆ ಕೆನೆಬಣ್ಣ, ಕೆಳಗೆ ಮತ್ತೆ ಕಪ್ಪು. ಮುಂಗುಸಿಯ ಕೂದಲು. "ಆಗ ಇದ ಛಲೋ ಕುಂಚ ಅಂತಿದ್ರವಾ, ಹೆಂಗ ಬರ್ತೈತಿ ಅಂತ ಯಾರೂ ಕೇಳತಿದ್ದಿಲ್ಲ" ಎಂದರು.

ಹೇಗೆ ಬರುತ್ತದೆ ಎಂದರೆ, ಕೊಂದೇ ಬರುತ್ತದೆ. ಕುರಿಯ ಹಾಗೆ ಮುಂಗುಸಿಯ ಉಣ್ಣೆ ಕತ್ತರಿಸಿ ಬಿಡುವಂತಿಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಕೂದಲ ವ್ಯಾಪಾರವೂ ಅಪರಾಧ. ಆದರೂ 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳ ದೇಶದ ಹಲವೆಡೆ ದಾಳಿ ಮಾಡಿದಾಗ 50,000ಕ್ಕೂ ಹೆಚ್ಚು ಕುಂಚ, 100 ಕಿಲೊಗೂ ಮೀರಿ ಕೂದಲು ಸಿಕ್ಕಿತು. ಅವು ಹೆಚ್ಚಾಗಿ ಚಿತ್ರ ಬರೆಯುವವರ ಕುಂಚಗಳು. ಹುಬ್ಬಿಗೆ, ಕಾಡಿಗೆಗೆ ಸಣ್ಣ ಕುಂಚ ಬೇಕಾದಾಗ ಬಣ್ಣ ಹಚ್ಚುವ ನಮ್ಮವರು ಹೋಗುವುದೂ ಆ ಕುಂಚಗಳನ್ನು ಮಾರುವ ಅಂಗಡಿಗೇ, ಆದ್ದರಿಂದ ಇದು ನಮ್ಮ ಮನೆಯ ಮಾತೇ.

ನಿನ್ನೆ ಡಂಬಳದ ದಾರಿಯಲ್ಲಿ ಬರುವಾಗ ಕಪ್ಪತಗುಡ್ಡ ಉದ್ದಕ್ಕೂ ಜೊತೆಗಿತ್ತು. 2019ರಲ್ಲೇ ಅದು ವನ್ಯಜೀವಿ ಧಾಮವಾಯಿತು. ಗುಡ್ಡವನ್ನು ಗಣಿಯಿಂದ ಉಳಿಸಲು ಈ ಜಿಲ್ಲೆಯ ಜನ, ಮಠದ ಸ್ವಾಮಿಗಳು ಬೀದಿಗಿಳಿದು ಹೋರಾಡಿದ್ದರು. ಬಿಳಿಜೋಳದ ಹೊಲದ ಬದುವಿನಲ್ಲಿ ಒಂದು ಮುಂಗುಸಿ ಮುಂಗಾಲೆತ್ತಿ ನಿಂತು ನಮ್ಮ ಗಾಡಿ ನೋಡಿತು. ಇಲಿ ಹಿಡಿದು, ಹಾವು ಹಿಡಿದು ರೈತನಿಗೆ ಆಗುವ ಜೀವ ಅದು. ಅದರ ಬಾಲ ನಮ್ಮ ಹುಬ್ಬಿಗೆ ಯಾಕೆ ಬೇಕು ಹೇಳು.

ಕೊಳ್ಳುವಾಗ ಡಬ್ಬಿಯ ಮೇಲೆ ಕ್ರುಯೆಲ್ಟಿ ಫ್ರೀ ಎಂದಿದ್ದರೆ ಸಾಕೆಂದು ಬಿಡಬೇಡ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲೇ ನಿಷೇಧಿಸಿದೆ, ಡಬ್ಬಿಯ ಮೇಲಿನ ಆ ಮಾತು ಹೆಚ್ಚಾಗಿ ಆ ಪರೀಕ್ಷೆಯದ್ದೇ; ಕುಂಚದ ಕೂದಲು ಬೇರೆ ವಿಷಯ. ಆಡಿನ ಕೂದಲು, ಅಳಿಲಿನ ಕೂದಲಿನ ಕುಂಚಗಳೂ ಮಾರುಕಟ್ಟೆಯಲ್ಲಿವೆ. ಎಳೆ ಯಾವುದರದ್ದು ಎಂದು ಬಾಯಿಬಿಟ್ಟು ಕೇಳು. ಸಂಶಯವಿದ್ದರೆ ಒಂದೇ ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿ. ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ, ಕೂದಲು ಸುಟ್ಟು ಕಮಟು ವಾಸನೆ ಹೊಡೆಯುತ್ತದೆ.

ನೈಲಾನೂ ಪ್ಲಾಸ್ಟಿಕ್ಕೇ ಅಲ್ಲವೇ ಎಂದು ನೀನು ಕೇಳುತ್ತೀ, ನನಗೆ ಗೊತ್ತು. ಹೌದು. ಮಣ್ಣಿಗೆ ಹಾಕಿದರೆ ಕರಗುವುದಿಲ್ಲ. ಅದಕ್ಕೇ ವರ್ಷಕ್ಕೊಂದು ಹೊಸ ಸೆಟ್ ಕೊಳ್ಳುವವರ ಬಿದಿರಿನ ಹಿಡಿಯನ್ನು ಪರಿಸರಸ್ನೇಹಿ ಎಂದು ನಾನು ಒಪ್ಪುವುದಿಲ್ಲ. ಕೊಂಡದ್ದನ್ನು ಬಾಳಿಸಬೇಕು. ಅಂಟವಾಳದ ನೊರೆಯಲ್ಲಿ ತುದಿಯನ್ನಷ್ಟೇ ಅದ್ದಿ ತೊಳೆ. ತಗಡಿನ ಕೊರಳಿಗೆ ನೀರು ಇಳಿದರೆ ಗೋಂದು ಬಿಡುತ್ತದೆ, ಬಿದಿರು ಉಬ್ಬಿ ಸೀಳುತ್ತದೆ. ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಬೇಡ, ಮೇಜಿನ ಅಂಚಿಗೆ ತುದಿ ಹೊರಚಾಚುವಂತೆ ಮಲಗಿಸು. ಬೇಸಿಗೆಯಲ್ಲಿ ಹಿಡಿಗೆ ಕುಸುಬೆ ಎಣ್ಣೆಯ ಒಂದು ಹನಿ ತಿಕ್ಕು. ಆ ಎಣ್ಣೆ ಗಾಳಿಗೆ ತೆಳುವಾಗಿ ಒಣಗಿ ಹಿಡಿಯನ್ನು ಕಾಯುತ್ತದೆ.

ಮಗಳಿಗೆ ಮೂರೇ ಸಾಕು: ಓರೆ ತುದಿಯದು, ಚಪ್ಪಟೆಯದು, ಬಣ್ಣ ಬೆರೆಸಲು ಮೆತ್ತನೆಯ ದುಂಡನೆಯದು. ಹನ್ನೆರಡರ ಸೆಟ್ ತಂದರೆ ಒಂಬತ್ತು ಧೂಳು ತಿನ್ನುತ್ತವೆ. ಭಾನುವಾರ ಗದಗಿಗೆ ಮರಳುತ್ತೇನೆ. ಗಂಜಿ ಬಸವೇಶ್ವರ ವೃತ್ತದ ಹತ್ತಿರ ಅಂಟವಾಳ ಸಿಕ್ಕರೆ ತರುತ್ತೇನೆ, ಸಿಗದಿದ್ದರೆ ಅಮ್ಮನ ಅಟ್ಟದ ಮೇಲಿನ ಗಂಟು ಇಳಿಸಿಡು.

ನಿನ್ನ ತಂಗಿ